ಮರಳು ತುಂಬಿದ ಡಂಬಲ್ಲು

ಕಾರ್ತಿಕದ ಇಬ್ಬನಿ ಆರುವ ಮೊದಲೇ ಹೊಲಗಳಲ್ಲಿ ಕಡಲೆಕಾಯಿ ಕೀಳುವ ಕೆಲಸ ಶುರುವಾಗಿತ್ತು. ನೆಲ ಮೆತ್ತಗಿರುವಾಗ ಕಿತ್ತರೆ ಗಿಡದ ಜೊತೆ ಕಾಯಿಯೂ ಬರುತ್ತದೆ. ಬಿಸಿಲೇರಿದರೆ ಗಿಡ ಕೈಗೆ, ಕಾಯಿ ನೆಲಕ್ಕೆ. ಗಂಡಸರು ಸಾಲು ಹಿಡಿದು ಕಿತ್ತು ಹಿಂದಕ್ಕೆ ಎಸೆಯುತ್ತಿದ್ದರು, ಹೆಂಗಸರು ಕಣದಲ್ಲಿ ಕೂತು ಕಾಯಿ ಬಿಡಿಸುತ್ತಿದ್ದರು. ನಾನು ಕಟ್ಟೆಯ ಹಿಂದಿನ ಕೋಣೆಯ ಬೀಗ ತೆಗೆದು, ಕೈಯಲ್ಲಿ ಎತ್ತಿ ಹಿಡಿಯುವ, ವರ್ಷವಿಡೀ ಗೋಣಿ ಹೊದ್ದು ಮಲಗಿದ್ದ ಗುಂಡುಗಳನ್ನು ಒಂದೊಂದಾಗಿ ಅಂಗಳಕ್ಕೆ ತಂದು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕುತ್ತಿದ್ದೆ. ಕಡಲೆಕಾಯಿ ಮನೆ ಸೇರಿದ ಎಂಟನೆಯ ದಿನ ನಮ್ಮೂರ ನ್ಯಾಯದ ಕಟ್ಟೆ ಕೂರುತ್ತದೆ. ವರ್ಷದ ಜಗಳಗಳೆಲ್ಲ ಆ ಒಂದು ದಿನ ತೀರಬೇಕು. ಗಿಡ ಕಿತ್ತು ಕೈ ಸೋತ ಮೇಲೆ ಯಾಕೆ ಕೂರಿಸುತ್ತೀರಿ ಎಂದು ಕೇಳುವವರು ಪ್ರತಿ ಸಲವೂ ಇರುತ್ತಾರೆ. ಅದನ್ನೂ ಕಟ್ಟೆಯ ಮೇಲೆ ನಿಂತೇ ಕೇಳಬೇಕಾದ್ದರಿಂದ, ಕೇಳಿ ಮುಗಿಸುವ ಮೊದಲೇ ಅವರ ಕೈ ಇಳಿದಿರುತ್ತದೆ.

ನಮ್ಮಲ್ಲಿ ಕಟ್ಟೆಯ ಮುಂದೆ ಮಾತಾಡುವವರು ಮೂರು ಕಿಲೋ ಗುಂಡನ್ನು ಒಂದೇ ಕೈಯಲ್ಲಿ, ಹೆಗಲಿನ ಮಟ್ಟಕ್ಕೆ, ಮುಂದಕ್ಕೆ ಚಾಚಿ ಹಿಡಿದು ಮಾತಾಡಬೇಕು. ಕೈ ಮೇಲಿರುವಷ್ಟು ಹೊತ್ತು ಆಡಿದ್ದು ಮಾತು. ಕೈ ಇಳಿದ ಮೇಲೆ ಆಡಿದ್ದು ಗಾಳಿ. ಒಂದು ವಿಷಯಕ್ಕೆ ಒಬ್ಬರಿಗೆ ಒಂದೇ ಸಲ.

ಊರು ಇದಕ್ಕೆ ಒಗ್ಗಿಹೋಗಿದೆ. ಹೆಣ್ಣು ನೋಡಲು ಹೋದವರು ಬಣ್ಣ ನೋಡುವ ಮೊದಲು ಹೆಗಲು ನೋಡುತ್ತಾರೆ. ತೊದಲುವವರು ಯಾರ ತಂಟೆಗೂ ಹೋಗುವುದಿಲ್ಲ, ಅವರ ತಂಟೆಗೆ ಮಾತ್ರ ಎಲ್ಲರೂ ಹೋಗುತ್ತಾರೆ. ಇನ್ನೊಂದು ಏನೆಂದರೆ, ನಮ್ಮವರು ಯಾವ ವಿಷಯವನ್ನೇ ಆದರೂ ಕೊನೆಯಿಂದ ಹೇಳುತ್ತಾರೆ. ‘ಎಮ್ಮೆ ಸತ್ತೋಯ್ತು’ ಎನ್ನುತ್ತಾರೆ. ಅದಕ್ಕೆ ಹೊಟ್ಟೆ ಉಬ್ಬರಿಸಿದ್ದು ಆಮೇಲೆ. ಸಂತೆಯಿಂದ ಹೊಡೆದುಕೊಂಡು ಬಂದದ್ದು ಅದಕ್ಕೂ ಆಮೇಲೆ. ನಮ್ಮ ಅಜ್ಜಿಯರ ಕಥೆಯಲ್ಲಿ ರಾಜ ಮೊದಲು ಸಾಯುತ್ತಾನೆ. ಅವನು ಹುಟ್ಟುವ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರುತ್ತವೆ.

ಮೂವತ್ತೊಂದು ವರ್ಷ ಈ ಗುಂಡುಗಳನ್ನು ಕಾದವನು ನಾನು. ಗುಂಡಿನ ಅಂಕಯ್ಯ ಎಂದರೆ ಆಚೆ ಕೇರಿಯವರಿಗೂ ಗೊತ್ತು. ಎರಡು ಕಡೆಯವರಿಗೆ ಕೊಡುವ ಎರಡು ಗುಂಡುಗಳನ್ನು ಜನರೆದುರಿಗೆ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು, ಮುಳ್ಳು ನಟ್ಟಗೆ ನಿಂತದ್ದನ್ನು ತೋರಿಸಬೇಕು. ಯಾವುದು ಯಾರ ಕೈಗೆ ಎನ್ನುವುದು ನನಗೆ ಬಿಟ್ಟದ್ದು. ಆಮೇಲೆ ಮಾತಾಡುವವರ ಪಕ್ಕದಲ್ಲಿ ನಿಂತು ಮೊಣಕೈ ನೋಡಬೇಕು. ಕೈ ನಿಜವಾಗಿ ಸೋಲುವ ಮೊದಲು ಮೊಣಕೈ ನಡುಗುತ್ತದೆ. ಮೊದಲು ಸಣ್ಣಗೆ, ಹಾಲು ಕಾಯುವಾಗ ಕೆನೆ ಅಲುಗಿದ ಹಾಗೆ, ಆಮೇಲೆ ತೋಳಿಡೀ. ನಡುಗದೆ ಇಳಿದ ಕೈ ಸೋತದ್ದಲ್ಲ, ಇಳಿಸಿದ್ದು. ಮಾತು ತಮ್ಮ ಬುಡಕ್ಕೇ ಬರುವ ಹೊತ್ತಿಗೆ ಎಷ್ಟೋ ಜನ ಹಾಗೆ ಇಳಿಸಿ, ‘ಅಯ್ಯೋ, ಕೈ ಬಿದ್ದೋಯ್ತಲ್ಲಪ್ಪ’ ಎಂದು ಹೆಗಲು ಉಜ್ಜಿಕೊಂಡು ಹೋಗಿದ್ದಾರೆ. ನಾನು ನೋಡಿದ್ದೇನೆ. ಯಾರಿಗೂ ಹೇಳಿಲ್ಲ.

ಮೊದಲು ಇದ್ದವು ಕಲ್ಲಿನ ಗುಂಡುಗಳು. ಹೊಳೆಗಲ್ಲನ್ನು ನಡುವಿನಲ್ಲಿ ಸೊಂಟದ ಹಾಗೆ ಕಡೆದು ಮಾಡಿದ ಜೋಡಿ. ನೂರಾರು ಅಂಗೈ ಉಜ್ಜಿ ಹಿಡಿಯ ಜಾಗ ನುಣ್ಣಗಾಗಿ, ಬೇಸಗೆಯಲ್ಲೂ ತಣ್ಣಗಿರುತ್ತಿದ್ದವು. ಒಂದು ವರ್ಷ ಯಾರೋ ತಗಾದೆ ತೆಗೆದು ತೂಗಿಸಿದಾಗ ಒಂದು ಇನ್ನೊಂದಕ್ಕಿಂತ ಐವತ್ತು ಗ್ರಾಂ ಸವೆದದ್ದು ಕಂಡಿತು. ಅವತ್ತೇ ಎರಡನ್ನೂ ಮೂಲೆಗೆ ಹಾಕಿದರು. ಕೈಗೆ ಅವೆರಡೂ ಒಂದೇ ಆಗಿದ್ದವು, ತಕ್ಕಡಿಗೆ ಆಗಿರಲಿಲ್ಲ. ಅವುಗಳ ಜಾಗಕ್ಕೆ ಕಬ್ಬಿಣದ ಜೋಡಿ ಬಂತು. ಎರಡು ತುದಿಗೂ ಬೆಲ್ಲದಚ್ಚಿನಷ್ಟು ಉಂಡೆ, ನಡುವೆ ಕುಡುಗೋಲಿನ ಹಿಡಿಯಷ್ಟು ದಪ್ಪದ ಕಂಬಿ. ಇಡೀ ತೂಕ ಮುಷ್ಟಿಯ ಪಕ್ಕದಲ್ಲೇ ಕೂತಿರುವುದರಿಂದ ಮೂರು ಕಿಲೋ ಎರಡೂವರೆಯ ಹಾಗೆ ಅನ್ನಿಸುತ್ತಿತ್ತು. ಅಂಗೈಗೆ ಕಬ್ಬಿಣದ ವಾಸನೆ ಹತ್ತಿಕೊಳ್ಳುತ್ತಿತ್ತು, ಅಷ್ಟೇ.

ಹೊಸ ಡಂಬಲ್ಲುಗಳನ್ನು ಪಟ್ಟಣದಿಂದ ತರಿಸಿ ಊರಿಗೆ ಕೊಟ್ಟವರು ಕಾಳಿಂಗೇಗೌಡರು. ಕೋಣೆಯ ಬಾಗಿಲ ಮೇಲೆ ಅವರ ಹೆಸರು ಬರೆಸಿದ್ದಾರೆ, ಡಂಬಲ್ಲಿಗಿಂತ ಅಕ್ಷರಗಳೇ ದಪ್ಪ. ಮೂರು ಜಾತಿ, ಜೋಡಿ ಜೋಡಿಯಾಗಿ ಬಂದಿದ್ದವು. ರಬ್ಬರು ಹೊದಿಸಿದ್ದು ಆರು ಮೂಲೆಯದು. ನೆಲಕ್ಕಿಟ್ಟರೆ ಉರುಳುವುದಿಲ್ಲ, ಹಿಡಿಯ ನಡು ಉಬ್ಬಿ ಅಂಗೈ ತುಂಬುತ್ತದೆ. ಮೂರು ಎಂದು ಅಚ್ಚು ಹಾಕಿದ್ದರು, ತೂಗಿದರೆ ನೂರು ಗ್ರಾಂ ಕಡಿಮೆ. ಬಿಲ್ಲೆ ಹಾಕುವ ಸರಳಿನದು ತೂಕದಲ್ಲಿ ನಿಜ, ಕೈಯಲ್ಲಿ ಹಟಮಾರಿ. ಸರಳು ಮೊಳದುದ್ದ ಇರುವುದರಿಂದ ಭಾರ ಎರಡು ತುದಿಗೆ ಹೋಗಿ ಮಣಿಕಟ್ಟು ತಿರುಚುತ್ತದೆ, ಬಿಲ್ಲೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತ ಮಾತಾಡುವವರ ಬಾಯಿ ತಪ್ಪಿಸುತ್ತವೆ. ಕೊನೆಯದು ನೀಲಿ ಪ್ಲಾಸ್ಟಿಕ್ಕಿನದು, ಒಳಗೆ ಮರಳು. ನೋಡಲು ಆಟದ ಸಾಮಾನು. ಅದರ ಹಿಡಿ ಒನಕೆಯಷ್ಟು ದಪ್ಪ. ಬೆರಳು ಸುತ್ತಿ ಬಂದು ಹೆಬ್ಬೆರಳನ್ನು ಮುಟ್ಟುವುದಿಲ್ಲ. ಬಂದಾಗ ಅದು ಇನ್ನೂರು ಗ್ರಾಂ ಕಡಿಮೆ ಇತ್ತು. ಬಿರಡೆ ತೆಗೆದು, ಜರಡಿ ಹಿಡಿದ ಮರಳು ಹಾಕಿ, ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲದಂತೆ ಮೂರು ಕಿಲೋ ಮಾಡಿದವನು ನಾನೇ. ತೂಕ ಸರಿಯಾಯಿತು. ಆದರೆ ಮರಳು ಒಂದು ಕಡೆ ನಿಲ್ಲುವುದಿಲ್ಲ. ಕೈ ಸ್ವಲ್ಪ ಯಾವ ಕಡೆ ವಾಲಿದರೂ, ಒಳಗಿನ ಮರಳೂ ಆ ಕಡೆಗೇ ಓಡುತ್ತದೆ. ಇದನ್ನೆಲ್ಲ ಬಲ್ಲವನಾದ್ದರಿಂದ ಒಂದು ಕಡೆಯವರಿಗೆ ಯಾವ ಜಾತಿ ಕೊಡುತ್ತಿದ್ದೆನೋ ಇನ್ನೊಂದು ಕಡೆಯವರಿಗೂ ಅದನ್ನೇ ಕೊಡುತ್ತಿದ್ದೆ. ಹಾಗೇ ಕೊಡಬೇಕೆಂದು ಯಾರೂ ಕಟ್ಟು ಮಾಡಿರಲಿಲ್ಲ. ನನ್ನ ಪಾಡಿಗೆ ನಾನು ಇಟ್ಟುಕೊಂಡಿದ್ದ ನೇಮ.

ಗುಂಡು ತಿಕ್ಕುತ್ತಿದ್ದ ಆ ಬೆಳಿಗ್ಗೆ ಹೊಂಬಾಳಮ್ಮ ಬಂದಳು. ಬಾವಿ ತೋಡುವ ಮುದ್ದಯ್ಯನ ಹೆಂಡತಿ. ಮುದ್ದಯ್ಯ ಆ ಆಷಾಢದಲ್ಲಿ ಕಾಳಿಂಗೇಗೌಡರ ಬಾವಿಯಲ್ಲಿ ಗೋಡೆ ಕುಸಿದು ಸತ್ತಿದ್ದ. ಆಕೆ ಬೇರೆ ಸೀಮೆಯವಳು, ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಒಂದು ದಿನವೂ ಕಟ್ಟೆ ಹತ್ತಿದವಳಲ್ಲ. ನನ್ನ ಮಗಳು ಹುಟ್ಟಿದಾಗ ನನ್ನ ಹೆಂಡತಿ ಜವರಮ್ಮನಿಗೆ ಬಾಣಂತಿ ಜ್ವರ ಬಂದು ಹಾಲು ಬತ್ತಿಹೋಗಿತ್ತು. ತನ್ನ ಕೂಸನ್ನು ಎರಡೇ ತಿಂಗಳಲ್ಲಿ ಕಳೆದುಕೊಂಡು ಕೂತಿದ್ದ ಹೊಂಬಾಳಮ್ಮ ಯಾರೂ ಕರೆಯದೆ ಬಂದು, ನನ್ನ ಮಗುವನ್ನು ಮಡಿಲಿಗೆ ಹಾಕಿಕೊಂಡಳು. ಒಂದು ತಿಂಗಳು ಮೂರು ಹೊತ್ತೂ ಬಂದಳು. ಆ ಮಗಳು ಈಗ ಗಂಡನ ಮನೆಯಲ್ಲಿ ಎರಡು ಮಕ್ಕಳ ತಾಯಿ.

“ಅಂಕಣ್ಣ, ಆ ಗುಂಡು ಹೆಂಗೆ ಹಿಡಿಯೋದು ಅಂತ ಒಸಿ ಹೇಳ್ಕೊಡು,” ಎಂದಳು.

“ನೀನು ಕಟ್ಟೆ ಹತ್ತೀಯೇನಮ್ಮ?”

“ಅವರು ಬಾವಿಗೇ ಇಳಿದ್ರಂತೆ. ನಾನು ಕಟ್ಟೆನಾದ್ರೂ ಹತ್ತಬ್ಯಾಡ್ವಾ?”

ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಬಾವಿಯನ್ನು ಆಳ ಮಾಡಿಕೊಟ್ಟರೆ ಪಕ್ಕದ ಎಂಟು ಗುಂಟೆ ಮುದ್ದಯ್ಯನಿಗೆ ಎಂದು ಗೌಡರು ಮಾತು ಕೊಟ್ಟಿದ್ದರು. ಎರಡು ಬೇಸಗೆ ತೋಡಿದ. ನೀರು ಬಿತ್ತು. ಇನ್ನು ಗೋಡೆಗೆ ಕಲ್ಲು ಕಟ್ಟುವುದು ಬಾಕಿ ಎನ್ನುವಾಗ ಮಳೆ ಹಿಡಿದು, ಅವನು ಸತ್ತ. ಗೌಡರು ಹೇಳುತ್ತಿದ್ದದ್ದು, ತಾವು ಆ ದಿನ ಊರಲ್ಲೇ ಇರಲಿಲ್ಲ. ಮುದ್ದಯ್ಯ ಕುಡಿದು ತನ್ನ ಹಾರೆ ತೆಗೆದುಕೊಳ್ಳಲು ತಾನೇ ಇಳಿದ. ಕೆಲಸ ಅರ್ಧಕ್ಕೆ ನಿಂತದ್ದರಿಂದ ಎಂಟು ಗುಂಟೆಯ ಮಾತೂ ಅಲ್ಲಿಗೆ ನಿಂತಿತು. ಹೊಂಬಾಳಮ್ಮನ ಗುಡಿಸಲು ಇದ್ದದ್ದು ಆ ಎಂಟು ಗುಂಟೆಯಲ್ಲೇ. ಕಟ್ಟೆ ಅವಳ ಮಾತು ಒಪ್ಪದಿದ್ದರೆ ಆ ಗುಡಿಸಲೂ ಹೋಗುತ್ತಿತ್ತು.

ಹತ್ತು ದಿನ ನಮ್ಮ ಹಿತ್ತಲಲ್ಲಿ ಅವಳಿಗೆ ಕಲಿಸಿದೆ, ಕಬ್ಬಿಣದ ಗುಂಡಿನಲ್ಲಿ. ಕಾಲು ಅಗಲಿಸಿ ನಿಲ್ಲುವುದು, ಉಸಿರನ್ನು ಮಾತಿನ ಕೊನೆಗೆ ಬಿಡುವುದು, ಗುಂಡನ್ನು ನೋಡದಿರುವುದು. ಮೊಣಕೈಯ ಗುಟ್ಟನ್ನೂ ಹೇಳಿದೆ, ಅದುವರೆಗೆ ಯಾರಿಗೂ ಹೇಳಿರದಿದ್ದದ್ದು. “ಇಲ್ಲಿ ನಡುಗಿದ್ರೆ ಇನ್ನು ಹತ್ತು ಎಣಿಸೋ ಅಷ್ಟು ಹೊತ್ತು ಮಾತ್ರ ಇದೆ ಅಂತ ತಿಳ್ಕೊ. ನಡುಗದೆ ಯಾರ ಕೈಯೂ ಬೀಳಲ್ಲ.” ಕೂಲಿಗೆ ಪಳಗಿದ ಕೈ. ಮೊದಲ ದಿನ ನಲವತ್ತು ಎಣಿಸುವಷ್ಟು ಹಿಡಿದಳು, ಹತ್ತನೆಯ ದಿನ ಎಂಬತ್ತು. ಅವಳ ಮಾತಿಗೆ ಎಪ್ಪತ್ತು ಬೇಕಾಗಿತ್ತು.

“ಕೊನೇದನ್ನ ಮೊದ್ಲು ಹೇಳ್ಬಿಡಮ್ಮ. ನಮ್ಮೂರಲ್ಲಿ ಹಂಗೇ,” ಎಂದೆ.

ಅವಳು ಒಪ್ಪಲಿಲ್ಲ. “ಗಂಜಿ ಕುಡಿದು ಮನೆ ಬಿಟ್ಟದ್ದು ಮೊದ್ಲು, ಸತ್ತದ್ದು ಆಮೇಲೆ. ಅವರು ಬದುಕಿದ್ದ ಆ ಒಂದು ಹೊತ್ತನ್ನಾದ್ರೂ ಮೊದಲಿಂದ ಹೇಳ್ತೀನಿ ಕಣಣ್ಣ. ಕೈ ಸಾಕಾಗ್ತದೆ ಅಂತ ನೀನೇ ಎಣಿಸಿದ್ಯಲ್ಲ?”

“ಸಾಕಾಗ್ತದೆ,” ಎಂದೆ. ನಿಜವೇ ಆಗಿತ್ತು, ಕಬ್ಬಿಣದಲ್ಲಿ.

ಜವರಮ್ಮ ಹತ್ತು ದಿನವೂ ಅವಳಿಗೆ ಮಜ್ಜಿಗೆ ಕೊಟ್ಟು ಕೂರಿಸಿಕೊಂಡಳು. “ನಮ್ಮನೆಯೋನು ಮಾತಾಡೋದು ಕಲಿಸ್ತಾನೆ ಅಂದ್ರೆ ಊರು ನಗ್ತದೆ ಕಣೆ. ಮೂವತ್ತು ವರ್ಷದಿಂದ ನನ್ನ ಹತ್ರ ‘ಹೂಂ’ ಅನ್ನೋದು ಬಿಟ್ಟು ಇನ್ನೊಂದು ಆಡಿಲ್ಲ,” ಎಂದು ನಗಿಸುತ್ತಿದ್ದಳು. ಹೊಂಬಾಳಮ್ಮ ಗಂಡ ಸತ್ತ ಮೇಲೆ ನಕ್ಕದ್ದು ನಾನು ಕಂಡ ಹಾಗೆ ಅಲ್ಲಿಯೇ.

ಕಟ್ಟೆಗೆ ಎರಡು ದಿನ ಇರುವಾಗ ಕಾಳಿಂಗೇಗೌಡರು ಕೋಣೆಯ ಹತ್ತಿರ ಬಂದರು. ಜೊತೆಯಲ್ಲಿ ಅವರ ತಂಗಿಯ ಮಗ ಇದ್ದ, ಎತ್ತಿನಂಥ ಆಳು. ಗೌಡರು ಜಗಲಿಯ ಮೇಲೆ ಕೂತು ಪಂಚೆ ಸರಿಮಾಡಿಕೊಂಡು, ಸಾಲಾಗಿ ಒಣಗಲಿಟ್ಟಿದ್ದ ಗುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದರು, ಸಂತೆಯಲ್ಲಿ ಕುಂಬಳಕಾಯಿ ಆರಿಸುವವರ ಹಾಗೆ.

“ಏನಂಕಯ್ಯ, ಎಲ್ಲಾ ಮೂರೇ ತಾನೆ?”

“ಮೂರೇ ಗೌಡ್ರೆ. ಕಲ್ಲಿನದು, ರಬ್ಬರಿನದು ಬಿಟ್ಟು.”

ನೀಲಿ ಡಂಬಲ್ಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. “ಇದರ ಹೊಟ್ಟೇಲಿ ಏನೋ ಓಡಾಡ್ತದಲ್ಲೋ.”

“ಮರಳು.”

“ತೂಕ?”

“ಮೂರು.”

“ಹಂಗಾದ್ರೆ ಆಯ್ತು ಬುಡು.” ಅದನ್ನು ಕೆಳಗಿಟ್ಟು ಕಬ್ಬಿಣದ್ದರ ಮೇಲೆ ಅಂಗೈ ಇಟ್ಟುಕೊಂಡರು. “ನನಗೆ ಇದನ್ನ ಕೊಡು. ವಯಸ್ಸಾಯ್ತು, ಹೊಸ ಸಾಮಾನು ಕೈಗೆ ಒಗ್ಗಲ್ಲ. ಆ ಹೆಣ್ಣುಮಗಳಿಗೆ ನೀಲೀದು ಕೊಡು. ಹೊಸದನ್ನ ಅವಳಿಗೆ ಕೊಟ್ಟೆ, ಹಳೇದನ್ನ ನಾನಿಟ್ಕೊಂಡೆ. ಯಾರು ಏನು ಅಂತಾರೆ?”

ನಾನು ಬೂದಿಯ ಕೈ ಒರೆಸಿಕೊಳ್ಳುತ್ತ ನಿಂತೆ. ಗೌಡರು ಎದ್ದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. “ನಿನಗೂ ವಯಸ್ಸಾಯ್ತು, ಈ ಕೆಲಸಕ್ಕೆ ಹುಡುಗರನ್ನ ಯಾರನ್ನಾದ್ರೂ ಹಾಕೋಣ ಅಂತ ಹಿರಿಯರು ಅಂತಿದ್ರು. ಈ ನಮ್ಮ ಚೆಲುವರಾಜನ ಹೆಸರೂ ಬಂತು. ನಾನೇ ಬ್ಯಾಡ ಅಂದೆ. ಅಂಕಯ್ಯ ಇರೋವರ್ಗೂ ಅಂಕಯ್ಯನೇ ಅಂದೆ.”

ಅಷ್ಟೇ ನಡೆದದ್ದು. ಬೈಯಲಿಲ್ಲ, ಹೆದರಿಸಲಿಲ್ಲ, ಒಂದು ವೀಳ್ಯದೆಲೆಯನ್ನೂ ಕೈಗಿಡಲಿಲ್ಲ. ಗುಂಡು ಕಾಯುವ ಕೆಲಸದಿಂದ ನನಗೆ ಬರುತ್ತಿದ್ದದ್ದಾದರೂ ಏನು? ವರ್ಷಕ್ಕೆ ಮೂರು ಚೀಲ ರಾಗಿ, ಎರಡು ಪಂಚೆ. ಆದರೆ ಕೀಲಿಕೈ ಸೊಂಟದಲ್ಲಿದ್ದಾಗ ಹೋಟೆಲಿನ ಬೆಂಚಿನಲ್ಲಿ ಜನ ಸರಿದು ಜಾಗ ಕೊಡುತ್ತಿದ್ದರು. ಅದಿಲ್ಲದ ಅಂಕಯ್ಯ ಹೇಗಿರುತ್ತಾನೆ ಎನ್ನುವುದು ನನಗೇ ಗೊತ್ತಿರಲಿಲ್ಲ. ಎರಡು ದಿನ ನನ್ನೊಳಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಮೂರು ಎಂದರೆ ಮೂರೇ ತಾನೆ. ಕೂಲಿಯ ಕೈ, ಹೇಗೋ ಹಿಡಿದಾಳು. ಕೊನೆಯದನ್ನು ಮೊದಲು ಹೇಳು ಎಂದು ಹೇಳಿರಲಿಲ್ಲವೇ ನಾನು.

ಕಟ್ಟೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳ ಸರದಿ ಬಂತು. ತಕ್ಕಡಿಯ ಒಂದು ತಟ್ಟೆಯಲ್ಲಿ ಕಬ್ಬಿಣದ್ದು ಇಟ್ಟೆ, ಇನ್ನೊಂದರಲ್ಲಿ ನೀಲಿಯದು. ಮುಳ್ಳು ನಟ್ಟಗೆ ನಿಂತಿತು. ಹಿರಿಯರು ಬಗ್ಗಿ ನೋಡಿ ತಲೆಯಾಡಿಸಿದರು. ಜನರಲ್ಲಿ ಯಾರೋ, “ಬಣ್ಣ ಬಣ್ಣದ್ದು ಕೊಡ್ತಾವ್ನಲ್ಲಪ್ಪ ಹೆಂಗಸರಿಗೆ,” ಎಂದ. ನಕ್ಕರು. ನಾನು ನೀಲಿಯದನ್ನು ತೆಗೆದು ಹೊಂಬಾಳಮ್ಮನ ಕೈಗೆ ಕೊಟ್ಟೆ. ಅವಳ ಬೆರಳು ಹಿಡಿಯ ಸುತ್ತ ಹೋಗಿ ಅರ್ಧಕ್ಕೇ ನಿಂತವು. ಒಳಗೆ ಮರಳು ಸರಕ್ಕೆಂದಿತು. ತಲೆಯೆತ್ತಿ ನನ್ನನ್ನು ನೋಡಿದಳು.

“ಅಣ್ಣ, ಇದು ಅದಲ್ಲ,” ಎಂದಳು, ನನಗೊಬ್ಬನಿಗೇ ಕೇಳುವಷ್ಟು.

“ತೂಕ ಅದೇ ಕಣಮ್ಮ,” ಎಂದೆ.

ಅವಳು ಕಾಲು ಅಗಲಿಸಿ ನಿಂತು ಕೈ ಚಾಚಿದಳು. ಹೇಗೆ ಕಲಿಸಿದ್ದೆನೋ ಹಾಗೆಯೇ, ಗುಂಡನ್ನು ನೋಡದೆ, ಎದುರಿನ ಗೋಣಿಮರದ ಕಡೆ ನೋಡುತ್ತ ಶುರುಮಾಡಿದಳು. “ಅವತ್ತು ಬೆಳಿಗ್ಗೆ ನಮ್ಮೋರು ಗಂಜಿ ಕುಡಿದ್ರು. ಉಪ್ಪು ಕಮ್ಮಿ ಅಂದ್ರು. ನಾನು ಉಪ್ಪು ಹಾಕೋ ಅಷ್ಟರಲ್ಲಿ ಕುಡಿದೇ ಬಿಟ್ಟಿದ್ರು. ಬಾಯಲ್ಲಿ ಬೇರೆ ವಾಸ್ನೆ ಇರ್ಲಿಲ್ಲ, ಗಂಜೀದೇ ಇದ್ದದ್ದು. ಬಾವಿ ಗೋಡೆ ಒಸರ್ತಾ ಐತೆ, ನಾಕು ದಿನ ಇಳಿಯಲ್ಲ, ಹಂಗಂತ ಗೌಡ್ರಿಗೆ ಹೇಳಿ ಬಂದ್ಬುಡ್ತೀನಿ ಅಂತ ಹೋದ್ರು.” ಇಲ್ಲಿಗೆ ಮೂವತ್ತು. ಅವಳ ಮಣಿಕಟ್ಟು ಹೆಬ್ಬೆರಳಿನ ಕಡೆಗೆ ವಾಲತೊಡಗಿತ್ತು. ಒಳಗೆ ಮರಳು ಹರಿಯುವ ಸದ್ದು ಪಕ್ಕದಲ್ಲಿದ್ದ ನನಗೆ ಕೇಳುತ್ತಿತ್ತು. “ಹೊತ್ತೇರಿದ್ರೂ ಬರ್ಲಿಲ್ಲ. ನಾನೇ ಬುತ್ತಿ ಕಟ್ಕೊಂಡು ಹೋದೆ. ಬೇಲಿ ಹತ್ರ ಹೋದಾಗ ಮಾತು ಕೇಳಿಸ್ತು. ‘ಇಳಿಯೋ, ಮಣ್ಣು ಜಾರಿ ನೀರು ಮುಚ್ಚೋಯ್ತದೆ, ಹಗ್ಗ ನಾನೇ ಹಿಡ್ಕೊಂಡಿರ್ತೀನಿ’ ಅಂತ.” ಐವತ್ತು. ಮೊಣಕೈ ನಡುಗಿತು. ಅದು ಅವಳಿಗೂ ಗೊತ್ತಾಯಿತು, ಮಾತಿನ ವೇಗ ಹೆಚ್ಚಿತು. ಆದರೆ ಬಿಡಲಿಲ್ಲ, ನಡುವಿನದನ್ನು ಹಾರಿಸಲಿಲ್ಲ. “ನಾನು ಬುತ್ತಿ ಇಳಿಸಿ ಓಡಿದೆ. ಅಷ್ಟರಲ್ಲಿ ಸದ್ದಾಯ್ತು. ಹೋಗಿ ನೋಡಿದ್ರೆ ಹಗ್ಗ ಬಿಟ್ಟು ಬಾವಿ ದಡದಲ್ಲಿ ನಿಂತಿದ್ದೋರು...”

ಕೈ ಬಿತ್ತು. ನೀಲಿ ಡಂಬಲ್ಲು ಕಟ್ಟೆಯ ಕಲ್ಲಿಗೆ ತಾಗಿ, ಬಿರಡೆ ಹಾರಿ, ಒಂದು ಹಿಡಿ ಮರಳು ಚೆಲ್ಲಿತು.

“ಕಾಳಿಂಗೇಗೌಡ್ರು,” ಎಂದಳು ಹೊಂಬಾಳಮ್ಮ. ಕೂಗಲಿಲ್ಲ. ಸ್ಪಷ್ಟವಾಗಿ ಹೇಳಿದಳು. ಊರಿಗೆ ಊರೇ ಕೇಳಿಸಿಕೊಂಡಿತು. ಗೋಣಿಮರದ ಬುಡದಲ್ಲಿ ಕೂತ ಕಿವುಡ ದಾಸಪ್ಪ ಕೂಡ ತಲೆಯೆತ್ತಿ ನೋಡಿದ. ಹಿರಿಯರು ಮಾತ್ರ ಚೆಲ್ಲಿದ ಮರಳನ್ನು ನೋಡುತ್ತ ಕೂತರು. ಆಮೇಲೆ ಅವರಲ್ಲಿ ದೊಡ್ಡವರು, “ನಿಂತಿದ್ದೋರು ಯಾರು ಅನ್ನೋದು ಕಟ್ಟೆಗೆ ಬರ್ಲಿಲ್ಲವಲ್ಲಮ್ಮ,” ಎಂದರು. ದನಿಯಲ್ಲಿ ಮರುಕವಿತ್ತು. ಮರುಕಕ್ಕೇನು, ನಮ್ಮೂರಲ್ಲಿ ಯಾವತ್ತೂ ಕಡಿಮೆಯಿಲ್ಲ.

ಗೌಡರು ಕಬ್ಬಿಣದ್ದನ್ನು ಹಿಡಿದು ಇಪ್ಪತ್ತೈದು ಎಣಿಸುವಷ್ಟರಲ್ಲಿ ಮುಗಿಸಿದರು. “ನಾನು ಆ ದಿನ ಊರಲ್ಲಿರಲಿಲ್ಲ,” ಎನ್ನುವುದು ಅವರ ಮೊದಲ ಮಾತು. ಉಳಿದದ್ದು ಏನಿದ್ದರೂ ಅದಕ್ಕೆ ಬಾಲ. ಕಾರ್ತಿಕ ಕಳೆಯುವ ಮೊದಲು ಹೊಂಬಾಳಮ್ಮನ ಗುಡಿಸಲಿನ ತಡಿಕೆ ಬಿಚ್ಚಿದರು. ಅವಳು ಊರ ಹೊರಗಿನ ಹಾಳು ಗಾಣದ ಚಪ್ಪರಕ್ಕೆ ಹೋದಳು. ಎಂಟು ಗುಂಟೆಯಲ್ಲಿ ಗೌಡರು ಬಾಳೆ ಹಾಕಿದರು. ಮುದ್ದಯ್ಯ ತೆಗೆದ ನೀರೇ ಅದಕ್ಕೆ ಹರಿಯಿತು.

ಆ ದಿನ ನಾನು ಮನೆಗೆ ಬಂದಾಗ ಜವರಮ್ಮ ಬಾಗಿಲಲ್ಲೇ ನಿಂತಿದ್ದಳು. “ಎಲ್ಲಿ, ತಾ ಆ ಎರಡು ಗುಂಡನ್ನ,” ಎಂದವಳು ತಾನೇ ನನ್ನ ಸೊಂಟದ ಕೀಲಿಕೈ ಕಿತ್ತುಕೊಂಡು ಹೋಗಿ, ಕೋಣೆಯಿಂದ ಎರಡನ್ನೂ ತಂದಳು. ಒಂದು ಕೈಯಲ್ಲಿ ಕಬ್ಬಿಣದ್ದು, ಇನ್ನೊಂದರಲ್ಲಿ ನೀಲಿಯದು. ಚೆಲ್ಲಿದ ಮರಳನ್ನು ನಾನು ಮತ್ತೆ ತುಂಬಿಟ್ಟಿದ್ದೆ. ಅಂಗಳದಲ್ಲಿ ನಿಂತು ಎರಡೂ ಕೈ ಚಾಚಿದಳು. ನೀಲಿಯ ಕೈ ಮೊದಲು ಬಿತ್ತು. ಎರಡನ್ನೂ ನನ್ನ ಕಾಲ ಹತ್ತಿರ ಇಟ್ಟಳು.

“ನಮ್ಮ ಮಗು ಒಂದು ತಿಂಗಳು ಅವಳೆದೆ ಕಚ್ಚಿಕೊಂಡಿತ್ತು. ಅದನ್ನೂ ತಕ್ಕಡೀಲಿಟ್ಟು ನೋಡಿದ್ಯಾ ನೀನು?”

“ತೂಕ...” ಎಂದೆ.

“ಥೂ, ನಿನ್ನ ತೂಕಕ್ಕೆ.”

ಮರುದಿನದಿಂದ ಅವಳು ಮಜ್ಜಿಗೆ ಕಡೆದರೆ ಒಂದು ಚೊಂಬು ಗಾಣದ ಚಪ್ಪರಕ್ಕೆ ಹೋಗುತ್ತಿತ್ತು. ನನಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಂಬಾಳಮ್ಮ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿರಲಿಲ್ಲ, ಶಾಪ ಹಾಕುತ್ತಿರಲಿಲ್ಲ. “ಮಗಳು ಹೆಂಗವ್ಳೆ ಅಣ್ಣ?” ಎಂದು ಕೇಳುತ್ತಿದ್ದಳು. ಅದಕ್ಕಿಂತ ಒಂದು ಕಲ್ಲು ಎತ್ತಿ ಹೊಡೆದಿದ್ದರೆ ಚೆನ್ನಾಗಿತ್ತು.

ಮುಂದಿನ ಕಟ್ಟೆಗೆ ನಾನೇ ಮಾತಾಡುವುದೆಂದು ನಿಶ್ಚಯ ಮಾಡಿದೆ. ಗುಂಡು ಕಾಯುವವನು ಮಾತಾಡಬಾರದೆಂದೇನೂ ಇಲ್ಲ; ಹೊಸ ಸಾಕ್ಷಿ ಬಂದರೆ ತೀರಿದ ವಿಷಯವನ್ನೂ ಒಂದು ಸಲ ತೆರೆಯಬಹುದು. ನಾನು ಹೇಳಬೇಕಾದದ್ದು ಇಷ್ಟೇ. ಗೌಡರು ಬಂದು ಕೇಳಿದರು, ನಾನು ಒಪ್ಪಿ ಆ ಡಂಬಲ್ಲು ಕೊಟ್ಟೆ, ಕಬ್ಬಿಣದ್ದಾಗಿದ್ದರೆ ಅವಳು ಮುಗಿಸುತ್ತಿದ್ದಳು. ಹತ್ತು ಎಣಿಸುವುದರೊಳಗೆ ಮುಗಿಯುವ ಮಾತು. ಅದಕ್ಕಾಗಿ ಒಂದು ವರ್ಷ ಸಾಧನೆ ಮಾಡಿದೆ, ಅದೇ ನೀಲಿ ಡಂಬಲ್ಲಿನಲ್ಲಿ. ಬೇರೆ ಯಾವುದನ್ನು ಹಿಡಿದು ಹೇಳಿದರೂ ಅದು ಹೇಳಿದ ಹಾಗಾಗುವುದಿಲ್ಲ ಅನ್ನಿಸಿತ್ತು. ದಿನವೂ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಕೈ ಚಾಚಿದೆ. ಯುಗಾದಿಗೆ ಅರವತ್ತು, ಗೌರಿ ಹಬ್ಬಕ್ಕೆ ನೂರು, ಕಡಲೆಕಾಯಿ ಕೀಳುವ ಹೊತ್ತಿಗೆ ನೂರಿಪ್ಪತ್ತು. ಅರವತ್ತೆರಡು ವರ್ಷದ ಕೈ. ಕೊನೆ ಕೊನೆಗೆ ಒಳಗಿನ ಮರಳು ಅಲುಗದ ಹಾಗೆ ಹಿಡಿಯುವುದನ್ನೂ ಕಲಿತೆ.

ಜವರಮ್ಮನಿಗೆ ಹೇಳಿದೆ. ಅವಳು ಹೊಂಬಾಳಮ್ಮನಿಗೆ ಹೇಳಿದಳು. ಅವತ್ತು ಇಬ್ಬರೂ ಬಂದು ಕಟ್ಟೆಯ ಎದುರಿಗೇ, ಮೊದಲ ಸಾಲಿನಲ್ಲಿ ಕೂತರು. ಮುದ್ದಯ್ಯನ ಸಾವಿನ ವಿಷಯ ತೆರೆಯಬೇಕು, ಸಾಕ್ಷಿ ನಾನೇ ಎಂದಾಗ ಜನರಲ್ಲಿ ಗುಜುಗುಜು ಎದ್ದಿತು. ತಕ್ಕಡಿ ಹಿಡಿಯಲು ಯಾರೂ ಇಲ್ಲದೆ ಚೆಲುವರಾಜನನ್ನು ಕರೆದರು. ಅವನು ತೂಗಿ, ನೀಲಿ ಡಂಬಲ್ಲನ್ನು ನನ್ನ ಕೈಗೆ ಕೊಟ್ಟು, ನಾನು ಮೂವತ್ತೊಂದು ವರ್ಷ ನಿಂತ ಜಾಗದಲ್ಲಿ ನಿಂತ.

ಕೈ ಚಾಚಿದೆ. ಹಗುರವಾಗಿತ್ತು. “ಮೂವತ್ತೊಂದು ವರ್ಷದಿಂದ ಈ ಗುಂಡುಗಳನ್ನ ಕಾಯ್ತಾ ಇದೀನಿ,” ಎಂದೆ. ಅದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು. “ಯಾರಿಗೂ ಒಂದು ಗ್ರಾಂ ಹೆಚ್ಚು ಕಮ್ಮಿ ಕೊಟ್ಟೋನಲ್ಲ. ನನ್ನಪ್ಪನ ಕಾಲದಲ್ಲಿ ಕಲ್ಲಿನ ಗುಂಡು ಇದ್ದವು...” ಕಲ್ಲಿನ ಗುಂಡಿನ ನುಣುಪು ಹೇಳಿದೆ. ಕಬ್ಬಿಣದ್ದರ ತುಕ್ಕು ತಿಕ್ಕುವುದು ಎಷ್ಟು ಕಷ್ಟ ಎಂದು ಹೇಳಿದೆ. ರಬ್ಬರಿನದು, ಬಿಲ್ಲೆಯದು, ಎಲ್ಲ ಹೇಳಿದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮೂರಲ್ಲಿ ಹುಟ್ಟಿದವನು ಮೊದಲಿನಿಂದ ಶುರುಮಾಡಿದ್ದನ್ನು ಅವರು ಕಂಡಿರಲಿಲ್ಲ. ಜವರಮ್ಮ ತುಟಿ ಕಚ್ಚಿಕೊಂಡು ತಲೆಯಾಡಿಸುತ್ತಿದ್ದಳು, ಹೇಳು, ಹೇಳು ಎನ್ನುವ ಹಾಗೆ. ಎಪ್ಪತ್ತು. ಎಂಬತ್ತು. ಮರಳು ಅಲುಗಿರಲಿಲ್ಲ. ಹೊಂಬಾಳಮ್ಮ ನನ್ನ ಮುಖ ನೋಡುತ್ತಿರಲಿಲ್ಲ. “ಹೋದ ವರ್ಷ ಕಟ್ಟೆಗೆ ಎರಡು ದಿನ ಮೊದ್ಲು,” ಎಂದೆ. ಗೌಡರು ಕೆಮ್ಮಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ. ತಮ್ಮ ಪಕ್ಕದಲ್ಲಿ ಕೂತವರನ್ನು ಮೊಣಕೈಯಿಂದ ಸ್ವಲ್ಪ ಸರಿಸಿ, ನನ್ನ ಕಡೆ ನೋಡುತ್ತ ಬೆಂಚಿನ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿದರು. ಅಷ್ಟೇ.

ಕೈ ಕೆಳಗೆ ಬಂದಿತ್ತು.

“ಅಯ್ಯೋ, ಅಂಕಯ್ಯನಿಗೂ ವಯಸ್ಸಾಯ್ತಪ್ಪ,” ಎಂದರು ಯಾರೋ. ನಾನು ಹೆಗಲು ಉಜ್ಜಿಕೊಂಡೆ. ಹಿರಿಯರು ಅಲ್ಲೇ ತಲೆ ಸೇರಿಸಿ ಮಾತಾಡಿ, ಗುಂಡು ಎತ್ತಲಾಗದವನಿಗೆ ಗುಂಡು ಕಾಯುವ ಹೊರೆ ಯಾಕೆ ಎಂದು ತೀರ್ಮಾನ ಮಾಡಿ, ಕೀಲಿಕೈಯನ್ನು ಚೆಲುವರಾಜನಿಗೆ ಕೊಡಿಸಿದರು. ಕೊಡುವಾಗ ನನಗೆ ಒಂದು ಶಾಲು ಹೊದಿಸಿದರು. ಹೊದಿಸಿದ್ದು ಕಾಳಿಂಗೇಗೌಡರು.

ಜವರಮ್ಮ ಅವತ್ತಿನಿಂದ ನನ್ನ ಜೊತೆ ‘ಹೂಂ’ ಎನ್ನುವುದು ಬಿಟ್ಟು ಇನ್ನೊಂದು ಆಡಿಲ್ಲ.

ವಾರ ಕಳೆದು ನಾನು ಕೂಲಿಗೆ ಹೋದ ಕಣದಲ್ಲಿ ಹೊಂಬಾಳಮ್ಮನೂ ಇದ್ದಳು. ತಡವಾಗಿ ಕಿತ್ತ ಹೊಲ, ಬಳ್ಳಿಯ ರಾಶಿಯ ಆಚೆ ಅವಳು, ಈಚೆ ನಾನು. ಬಹಳ ಹೊತ್ತು ಇಬ್ಬರೂ ಕಾಯಿ ಬಿಡಿಸಿದೆವು. ಮಂಕರಿ ತುಂಬಿದಾಗ ಅವಳು ಎದ್ದು ಸೆರಗಿನ ಮಣ್ಣು ಕೊಡವಿದಳು.

“ಅಣ್ಣ, ನಿನ್ನ ಮೊಣಕೈ ನಡುಗಲಿಲ್ಲ,” ಎಂದಳು.

ಉತ್ತರಕ್ಕೆ ನಿಲ್ಲುವವಳ ಹಾಗೆ ಸ್ವಲ್ಪ ಹೊತ್ತು ನಿಂತಳು. ನಾನು ಬಾಯಿ ತೆರೆದೆ. ಕೈಯಲ್ಲಿ ನಾಲ್ಕು ಕಡಲೆಕಾಯಿ ಬಿಟ್ಟರೆ ಏನೂ ಇರಲಿಲ್ಲ. ನಾನು ಏನು ಹೇಳಿದ್ದರೂ ಅದು ಮಾತಾಗುತ್ತಿರಲಿಲ್ಲ.